ಹುದ್ದೆ ಕೊಡುವ ಹಕ್ಕು ಯಾರದು? ದಾದಾಭಾಯಿ ಪತ್ರಗಳು ಕೇಳಿದ ಪ್ರಶ್ನೆ

ಕಾರವಾರಕ್ಕೆ ಯಾವ ಜಡ್ಜ್ ಬರಬೇಕು, ಧಾರವಾಡಕ್ಕೆ ಕಲೆಕ್ಟರ್ ಯಾರು, ಬೆಳಗಾವಿಯ ಶಾಲೆಗಳ ತನಿಖೆ ಯಾರ ಕೈಗೆ, ಜಮಖಂಡಿ ಮುಧೋಳಗಳ ಗಾದಿಯ ಮೇಲೆ ಎಳೆಯ ಹುಡುಗ ಕೂತಿದ್ದರೆ ಸಂಸ್ಥಾನದ ಕಾರಭಾರ ನೋಡುವವರು ಯಾರು? ಒಂದು ಕಾಲಕ್ಕೆ ಇವೆಲ್ಲ ಮುಂಬಯಿ ಸರ್ಕಾರದ ಕಡತಗಳಲ್ಲಿ ಇತ್ಯರ್ಥವಾಗುತ್ತಿದ್ದ ಪ್ರಶ್ನೆಗಳು. ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆ ಮೊದಲಿನಿಂದಲೂ ಮುಂಬಯಿ ಇಲಾಖೆಯಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಇದಕ್ಕೇ ಸೇರಿಸಿದರು. 1956ರವರೆಗೆ ಆ ಸೀಮೆಯ ಕನ್ನಡಿಗರ ರಾಜಧಾನಿ ಮುಂಬಯಿ ನಗರವೇ ಆಗಿತ್ತು. ಅಲ್ಲಿಯ ದೊಡ್ಡ ಹುದ್ದೆಗಳ ಆಜ್ಞೆ ಹೊರಡುತ್ತಿದ್ದುದು ಇಲ್ಲಿಂದ, ಅವುಗಳಲ್ಲೂ ಅತಿ ದೊಡ್ಡವನ್ನು ಹಂಚುತ್ತಿದ್ದುದು ಲಂಡನ್ನಿನಿಂದ.

ಆದ್ದರಿಂದ ಹತ್ತೊಂಬತ್ತನೇ ಶತಮಾನದ ಮುಂಬಯಿಯ ರಾಜಕಾರಣಿಯೊಬ್ಬರು ನೇಮಕಾತಿಗಳ ಬಗ್ಗೆ ಬರೆದ ಪತ್ರಗಳು ನಮಗೆ ದೂರದ ವಿಷಯವಲ್ಲ. ಆ ರಾಜಕಾರಣಿ ದಾದಾಭಾಯಿ ನವರೋಜಿ. ಅವರ ಕಾಗದಪತ್ರಗಳಲ್ಲಿ ಉಳಿದುಬಂದಿರುವವೇ ಸುಮಾರು 30,000. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಅವು ಇವೆ. ಆರ್. ಪಿ. ಪಟವರ್ಧನ್ ಸಂಪಾದಿಸಿದ ಒಂದು ಭಾಗ 1977ರಲ್ಲಿ ಅಚ್ಚಾಯಿತು. ಅದರಲ್ಲಿ ಮುಂಬಯಿಯ ದಿನಶಾ ವಾಚಾ ಮತ್ತು ಲಂಡನ್ನಿನ ದಾದಾಭಾಯಿ ನಡುವಿನ ಪತ್ರವ್ಯವಹಾರವಿದೆ. ಇವಲ್ಲದೆ ದಾದಾಭಾಯಿಯೇ ಮುದ್ರಿಸಿ ಹಂಚಿದ ಪತ್ರಗಳೂ ಇವೆ. ಭಾರತ ಮಂತ್ರಿಗೆ, ಇಂಡಿಯಾ ಆಫೀಸಿಗೆ, ಆಯೋಗಗಳಿಗೆ, ಪತ್ರಿಕೆಗಳಿಗೆ ಅವರು ಬರೆಯುತ್ತಲೇ ಇದ್ದರು. ಸರ್ಕಾರದಿಂದ ಉತ್ತರ ಬಂದರೆ ಅದನ್ನೂ ತಮ್ಮ ಪತ್ರದ ಜೊತೆ ಅಚ್ಚು ಹಾಕಿಸುತ್ತಿದ್ದರು. 1901ರಲ್ಲಿ ಬಂದ ಅವರ ದೊಡ್ಡ ಪುಸ್ತಕ, ಭಾರತದ ಬಡತನವನ್ನೂ ಬ್ರಿಟಿಷರಿಗೆ ತಕ್ಕದ್ದಲ್ಲದ ಆಳ್ವಿಕೆಯನ್ನೂ ಕುರಿತದ್ದು, ಬಹುಪಾಲು ಇಂಥ ಪತ್ರ, ಟಿಪ್ಪಣಿ, ಮನವಿಗಳಿಂದಲೇ ತುಂಬಿಕೊಂಡಿದೆ.

ಶಾಲೆಯ ಪಾಠದಲ್ಲಿ ದಾದಾಭಾಯಿ ಎಂದರೆ ಸಂಪತ್ತಿನ ಸೋರಿಕೆಯ ಸಿದ್ಧಾಂತ. ಭಾರತದ ಹಣ ಇಂಗ್ಲೆಂಡಿಗೆ ಹರಿದು ಹೋಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದವರು. ಅದು ನಿಜ. ಆದರೆ ಆ ಸೋರಿಕೆಯ ಬಾಯಿ ಎಲ್ಲಿದೆ ಎಂದು ಹುಡುಕಿದಾಗ ಅವರ ಬೆರಳು ಮತ್ತೆ ಮತ್ತೆ ಹೋಗಿ ನಿಂತದ್ದು ನೇಮಕಾತಿಯ ಮೇಲೆ. ದೊಡ್ಡ ಹುದ್ದೆಗಳು ಪರದೇಶದವರ ಕೈಯಲ್ಲಿ, ಸಂಬಳದ ಉಳಿತಾಯ ಪರದೇಶಕ್ಕೆ, ನಿವೃತ್ತಿವೇತನ ಪರದೇಶಕ್ಕೆ. ಹುದ್ದೆ ಯಾರಿಗೆ ಎಂಬ ಪ್ರಶ್ನೆ ಅವರಿಗೆ ನಾಲ್ಕು ಜನ ಓದಿದ ಹುಡುಗರ ಹೊಟ್ಟೆಪಾಡಿನ ಪ್ರಶ್ನೆಯಾಗಿರಲಿಲ್ಲ. ಇಡೀ ದೇಶದ ಬಡತನದ ಪ್ರಶ್ನೆಯಾಗಿತ್ತು. ಇದನ್ನು ಅವರು ಪುಸ್ತಕ ಓದಿ ಕಲಿಯಲಿಲ್ಲ. ಬರೋಡಾದಲ್ಲಿ ಮೈಮೇಲೆ ಎಳೆದುಕೊಂಡು ಕಲಿತರು.

ಬರೋಡಾಕ್ಕೆ ಹೋಗುವ ಮೊದಲು ಅವರ ಮನಸ್ಸಿನಲ್ಲಿದ್ದದ್ದು ಮೈಸೂರು. ಕನ್ನಡ ಓದುಗರು ಇದನ್ನು ಗಮನಿಸಬೇಕು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಸಿದುಕೊಂಡಿದ್ದ ಬ್ರಿಟಿಷರು, ಅವರ ದತ್ತುಪುತ್ರನಿಗೆ ರಾಜ್ಯ ಮರಳಿಸಬೇಕೋ ಬೇಡವೋ ಎಂದು 1860ರ ದಶಕದಲ್ಲಿ ತಕರಾರು ಎಬ್ಬಿಸಿದ್ದರು. ದಾದಾಭಾಯಿ 1866ರಲ್ಲಿ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ ಕಟ್ಟಿದರು. ಮರುವರ್ಷ ಜುಲೈಯಲ್ಲಿ ಅದರ ಸಭೆಯಲ್ಲಿ ಮೈಸೂರಿನ ಮೇಲೆ ಪ್ರಬಂಧ ಓದಿ, ರಾಜ್ಯವನ್ನು ರಾಜಮನೆತನಕ್ಕೆ ಉಳಿಸಿಕೊಡಬೇಕೆಂದು ವಾದಿಸಿದರು. ಮುಂಬಯಿಯ ಪಾರ್ಸಿ ಮನೆತನದವರು, ಗಣಿತದ ಪ್ರಾಧ್ಯಾಪಕರಾಗಿದ್ದವರು ಲಂಡನ್ನಿನಲ್ಲಿ ನಿಂತು ಮೈಸೂರಿನ ಪರ ಮಾತಾಡಿದ್ದನ್ನು ನಮ್ಮ ಇತಿಹಾಸದ ಪುಸ್ತಕಗಳು ಒಂದು ಸಾಲಿನಲ್ಲಾದರೂ ನೆನೆಯಬೇಕು. ಮರುವರ್ಷ ಏಪ್ರಿಲಿನಲ್ಲಿ ಅದೇ ವೇದಿಕೆಯಲ್ಲಿ ಓದಿದ ಪ್ರಬಂಧದ ವಿಷಯ, ಓದಿದ ಭಾರತೀಯರನ್ನು ಸಿವಿಲ್ ಸರ್ವಿಸ್‌ಗೆ ಸೇರಿಸಿಕೊಳ್ಳುವುದು. ಎರಡಕ್ಕೂ ಒಳಗೊಳಗೇ ನಂಟಿದೆ. ಬ್ರಿಟಿಷ್ ಜಿಲ್ಲೆಗಳಲ್ಲಿ ಭಾರತೀಯನಿಗೆ ದೊಡ್ಡ ಹುದ್ದೆ ಇಲ್ಲ. ಅವನು ಆಡಳಿತ ಮಾಡಿ ತೋರಿಸಬಹುದಾದ ಜಾಗ ಎಂದರೆ ದೇಶೀ ಸಂಸ್ಥಾನಗಳು ಮಾತ್ರ. ಅವೂ ಒಂದೊಂದಾಗಿ ಹೋದರೆ ತೋರಿಸುವುದಾದರೂ ಎಲ್ಲಿ?

ತೋರಿಸುವ ಅವಕಾಶ ಅವರಿಗೇ ಬಂತು. ಬರೋಡಾದ ಮಹಾರಾಜ ಮಲ್ಹಾರರಾವ್ ಗಾಯಕವಾಡ ದಾದಾಭಾಯಿಯನ್ನು ದಿವಾನರನ್ನಾಗಿ ಕರೆದ. ಸಂಸ್ಥಾನದ ಸ್ಥಿತಿ ಚೆನ್ನಾಗಿರಲಿಲ್ಲ. ರೈತರಿಂದ, ಸರದಾರರಿಂದ, ವ್ಯಾಪಾರಿಗಳಿಂದ ದೂರುಗಳ ಮೇಲೆ ದೂರು. ಹುದ್ದೆಗೆ ನಜರಾಣೆ, ನ್ಯಾಯಕ್ಕೂ ನಜರಾಣೆ. 1873ರ ಕೊನೆಯಲ್ಲಿ ಕರ್ನಲ್ ಮೀಡ್ ನೇತೃತ್ವದ ಆಯೋಗ ಬಂದು ವಿಚಾರಣೆ ಮಾಡಿತು. ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್ ಗಾಯಕವಾಡನಿಗೆ 1875ರ ಕೊನೆಯವರೆಗೆ ಗಡುವು ಕೊಟ್ಟು, ಅಷ್ಟರೊಳಗೆ ಆಡಳಿತ ಸರಿಪಡಿಸಿಕೋ ಎಂದು ಎಚ್ಚರಿಸಿದರು.

ಹಾಳುಬಿದ್ದ ಮನೆಯನ್ನು ರಿಪೇರಿ ಮಾಡಲು ದಾದಾಭಾಯಿ ಮುಂಬಯಿಯಿಂದ ತಮ್ಮ ಜನರನ್ನು ಕರೆದುಕೊಂಡು ಹೋದರು. ನ್ಯಾಯದ ಇಲಾಖೆಗೆ ಬಾಳ ಮಂಗೇಶ ವಾಗಳೆ, ಫೌಜದಾರಿಗೆ ಹೊರ್ಮಸ್‌ಜಿ ಅರ್ದೇಶಿರ್ ವಾಡಿಯಾ, ಕಂದಾಯಕ್ಕೆ ಕಾಜಿ ಶಹಾಬುದ್ದೀನ್. ಒಬ್ಬರು ಹಿಂದೂ, ಒಬ್ಬರು ಪಾರ್ಸಿ, ಒಬ್ಬರು ಮುಸ್ಲಿಂ. ವಾಗಳೆಯವರು 1862ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಮೊದಲ ಸಲ ಬಿ. ಎ. ಪದವಿ ಕೊಟ್ಟಾಗ ರಾನಡೆ, ಭಾಂಡಾರಕರರ ಜೊತೆ ಪಾಸಾದವರು. ಈ ಆಯ್ಕೆಯನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಗಾಯಕವಾಡನ ನೆಂಟರಿಗೋ, ದರ್ಬಾರಿನ ಹಳೇ ಬಣಗಳಿಗೋ, ತಮ್ಮದೇ ಸಮಾಜದವರಿಗೋ ಹುದ್ದೆ ಹಂಚುವ ದಾರಿ ದಾದಾಭಾಯಿಗೆ ತೆರೆದೇ ಇತ್ತು. ಅವರು ಹುಡುಕಿದ್ದು ಕೆಲಸ ಬಲ್ಲವರನ್ನು.

ದೊಡ್ಡ ಅಡ್ಡಿ ಬಂದದ್ದು ರೆಸಿಡೆನ್ಸಿಯಿಂದ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿಯಿಂದ. ಬರೋಡಾದ ರೆಸಿಡೆಂಟ್ ಕರ್ನಲ್ ರಾಬರ್ಟ್ ಫೇರ್, ದಾದಾಭಾಯಿಯನ್ನು ದಿವಾನರೆಂದು ಒಪ್ಪಲಿಲ್ಲ. ಆಗ ಬರೋಡಾ ರೆಸಿಡೆನ್ಸಿ ಮುಂಬಯಿ ಸರ್ಕಾರದ ಕೈಕೆಳಗಿತ್ತು. ಸಂಸ್ಥಾನಗಳ ವ್ಯವಹಾರ ನೋಡುತ್ತಿದ್ದ ಪೊಲಿಟಿಕಲ್ ಡಿಪಾರ್ಟ್‌ಮೆಂಟಿಗೆ ಫೇರ್ ಪತ್ರದ ಮೇಲೆ ಪತ್ರ ಕಳಿಸಿದರು. ಸಾರ ಒಂದೇ: ಈ ಮನುಷ್ಯನಿಗೆ ಆಡಳಿತದ ಅನುಭವವಿಲ್ಲ, ಇವನೂ ಇವನ ಸಂಗಡಿಗರೂ ಈ ಕೆಲಸಕ್ಕೆ ತಕ್ಕವರಲ್ಲ. ಮುಂಬಯಿ ಗವರ್ನರ್ ಸರ್ ಫಿಲಿಪ್ ವುಡ್‌ಹೌಸ್ ಮತ್ತು ಕಲ್ಕತ್ತೆಯ ವೈಸರಾಯ್ ನಡುವೆಯೂ ಈ ವಿಷಯದಲ್ಲಿ ಎಳೆದಾಟ ನಡೆಯಿತು. ಹೀಗಾಗಿ ದಿವಾನರಾಗಿ ಹೋದವರು ತಿಂಗಳುಗಟ್ಟಲೆ ಪೂರ್ತಿ ಅಧಿಕಾರವಿಲ್ಲದೆ ಕೂತರು. ಹಳೇ ದಿವಾನ ಖಾನವೇಲಕರರನ್ನು ಗಾಯಕವಾಡ ಪ್ರತಿನಿಧಿ ಎಂಬ ಹೆಸರಲ್ಲಿ ಪಕ್ಕದಲ್ಲೇ ಇಟ್ಟುಕೊಂಡ. ಒಳಗೆ ಹಳಬರ ಕಾಟ, ಹೊರಗೆ ರೆಸಿಡೆಂಟರ ಕಾಟ.

ಅನುಭವವಿಲ್ಲ ಎಂಬ ಈ ಆಕ್ಷೇಪಣೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಆ ಕಾಲದ ನೇಮಕಾತಿ ರಾಜಕಾರಣದ ಬೀಗದ ಕೈ ಇದರಲ್ಲೇ ಇದೆ. ದೊಡ್ಡ ಹುದ್ದೆಗಳನ್ನು ಭಾರತೀಯರಿಗೆ ಕೊಡುವುದಿಲ್ಲ, ಆದ್ದರಿಂದ ಭಾರತೀಯರಿಗೆ ಅನುಭವ ಸಿಗುವುದಿಲ್ಲ. ಅನುಭವವಿಲ್ಲ, ಆದ್ದರಿಂದ ಹುದ್ದೆ ಕೊಡುವುದಿಲ್ಲ. ಈ ಸುತ್ತಿನಿಂದ ಹೊರಗೆ ಬರುವ ಬಾಗಿಲು ಯಾವುದು? ದಾದಾಭಾಯಿಗೆ ಆಗ 48 ವರ್ಷ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು, ಆ ಸ್ಥಾನಕ್ಕೇರಿದ ಮೊದಲ ಭಾರತೀಯ. ಲಂಡನ್ನಿನಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿದವರು, ಸಂಸ್ಥೆ ಕಟ್ಟಿದವರು, ಭಾರತದ ಹಣಕಾಸಿನ ಲೆಕ್ಕವನ್ನು ಆ ಕಾಲದ ಯಾವ ಅಧಿಕಾರಿಗಿಂತಲೂ ಆಳವಾಗಿ ಓದಿದವರು. ಇಂಥವರಿಗೇ ಅನುಭವ ಸಾಲದು ಎಂದರೆ, ಉಳಿದವರ ಗತಿ ಕೇಳುವುದೇ ಬೇಡ. ಇತ್ತ ಹತ್ತೊಂಬತ್ತರಿಂದ ಇಪ್ಪತ್ತೊಂದರ ನಡುವೆ ಲಂಡನ್ನಿನಲ್ಲಿ ಪರೀಕ್ಷೆ ಪಾಸು ಮಾಡಿ, ಹಡಗು ಹತ್ತಿ ಬಂದ ಇಂಗ್ಲಿಷ್ ತರುಣ, ಕನ್ನಡದ ಒಂದಕ್ಷರ ಸರಿಯಾಗಿ ಕಲಿಯುವ ಮೊದಲೇ ಧಾರವಾಡ ಜಿಲ್ಲೆಯಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಬಹುದಾಗಿತ್ತು. ಅವನಿಗೆ ಅನುಭವ ಕಲಿಸಲು ಜಿಲ್ಲೆಯೇ ಇತ್ತು.

1874ರ ನವೆಂಬರ್ 2ರಂದು ಗಾಯಕವಾಡ ವೈಸರಾಯರಿಗೆ ಖಲೀತೆ ಬರೆದು, ಫೇರ್ ಅವರನ್ನು ಬದಲಿಸಿಕೊಡಬೇಕೆಂದು ಕೇಳಿದ. ಇನ್ನೊಂದು ವಾರ ಕಳೆಯುವಷ್ಟರಲ್ಲಿ, ನವೆಂಬರ್ 9ರಂದು, ತಾವು ಕುಡಿಯುತ್ತಿದ್ದ ಶರಬತ್ತಿನಲ್ಲಿ ವಿಷ ಬೆರೆಸಲಾಗಿದೆ ಎಂದು ಫೇರ್ ದೂರಿದರು. ಮುಂದಿನದೆಲ್ಲ ಬಿರುಗಾಳಿ. ಫೇರ್ ಅವರನ್ನು ತೆಗೆದು ಸರ್ ಲೂಯಿಸ್ ಪೆಲ್ಲಿಯನ್ನು ಕಳಿಸಿದರು. ದಾದಾಭಾಯಿ ರಾಜೀನಾಮೆ ಕೊಟ್ಟು 1875ರ ಜನವರಿಯಲ್ಲಿ ಬರೋಡಾ ಬಿಟ್ಟರು. ಅದೇ ತಿಂಗಳು ಗಾಯಕವಾಡನ ಬಂಧನವಾಯಿತು. ವಿಚಾರಣೆಗೆ ಕೂತ ಆರು ಜನರ ಆಯೋಗದಲ್ಲಿ ಮೂವರು ಇಂಗ್ಲಿಷರು ತಪ್ಪಿತಸ್ಥನೆಂದರು. ಗ್ವಾಲಿಯರ್ ಮಹಾರಾಜ, ಜಯಪುರ ಮಹಾರಾಜ, ಸರ್ ದಿನಕರರಾವ್ ಹಾಗೆನ್ನಲು ಒಪ್ಪಲಿಲ್ಲ. ಆಯೋಗ ಒಡೆದರೂ ಏಪ್ರಿಲಿನಲ್ಲಿ ಮಲ್ಹಾರರಾವನನ್ನು ದುರಾಡಳಿತದ ಕಾರಣ ಕೊಟ್ಟು ಪದಚ್ಯುತಗೊಳಿಸಿ ಮದ್ರಾಸಿಗೆ ಕಳಿಸಿದರು. ಸರ್ಕಾರ ತಾನೇ ಆರಿಸಿದ ಸರ್ ಟಿ. ಮಾಧವರಾವ್ ದಿವಾನರಾಗಿ ಬಂದರು. ಬರೋಡಾ ಮುಂಬಯಿ ಸರ್ಕಾರದ ಕೈ ತಪ್ಪಿ ನೇರವಾಗಿ ಭಾರತ ಸರ್ಕಾರದ ಕೈಗೆ ಹೋಯಿತು.

ಬರೋಡಾದ ಪತ್ರವ್ಯವಹಾರವನ್ನು ಸರ್ಕಾರ 1875ರಲ್ಲಿ ಬ್ಲೂ ಬುಕ್ಕಾಗಿ ಪ್ರಕಟಿಸಿತು. ಅದರಲ್ಲಿ ಫೇರ್ ಬರೆದ ಟೀಕೆಗಳೆಲ್ಲ ಪಾರ್ಲಿಮೆಂಟಿನ ಸದಸ್ಯರ ಮೇಜಿಗೆ ಹೋದವು. ದಾದಾಭಾಯಿ ಸುಮ್ಮನಿರಲಿಲ್ಲ. ತಮ್ಮ ಬಗ್ಗೆ, ತಮ್ಮ ಸಂಗಡಿಗರ ಬಗ್ಗೆ ಅಲ್ಲಿ ಬಂದ ಆಕ್ಷೇಪಣೆಗಳಿಗೆ ಉತ್ತರವಾಗಿ ಒಂದು ಹೇಳಿಕೆ ಬರೆದು ಮುದ್ರಿಸಿದರು. ತಮ್ಮೊಬ್ಬರ ಮಾನ ಕಾಯ್ದುಕೊಳ್ಳಲು ಮಾತ್ರ ಬರೆದದ್ದಲ್ಲ ಅದು. ವಾಗಳೆ, ವಾಡಿಯಾ, ಶಹಾಬುದ್ದೀನ್ ಮೂವರನ್ನೂ ಸೇರಿಸಿಯೇ ಬರೆದರು. ಕರೆದುಕೊಂಡು ಹೋದವರ ಮರ್ಯಾದೆ ತಮ್ಮ ಹೊಣೆ ಎಂದು ತಿಳಿದ ಮನುಷ್ಯ. ಕಾಲವೂ ಒಂದು ಉತ್ತರ ಕೊಟ್ಟಿತು. ರೆಸಿಡೆಂಟರ ಕಣ್ಣಿಗೆ ತಕ್ಕವರಲ್ಲದ ಆ ತಂಡದ ಕಾಜಿ ಶಹಾಬುದ್ದೀನರೇ, ಮಾಧವರಾವ್ ಹೋದ ಮೇಲೆ 1883ರಲ್ಲಿ, ಮುಂದಿನ ಗಾಯಕವಾಡ ಸಯಾಜಿರಾಯರ ಕಾಲದಲ್ಲಿ, ಬರೋಡಾದ ದಿವಾನರಾದರು.

*

ಬರೋಡಾದಿಂದ ಬಂದ ಮೇಲೆ ದಾದಾಭಾಯಿ ಬರೆದ ಪತ್ರಗಳ ದನಿ ಬೇರೆಯಾಯಿತು ಎಂದು ನನಗೆ ಅನ್ನಿಸುತ್ತದೆ. 1880ರಲ್ಲಿ ಭಾರತ ಮಂತ್ರಿ ಲಾರ್ಡ್ ಹಾರ್ಟಿಂಗ್ಟನ್‌ಗೆ ಅವರು ಕಳಿಸಿದ ಟಿಪ್ಪಣಿಯ ವಿಷಯ ಭಾರತದ ನೈತಿಕ ಬಡತನ. ಹಣ ಸೋರಿಹೋಗುವುದನ್ನು ಮೊದಲೇ ಲೆಕ್ಕ ಹಾಕಿದ್ದರು. ಈಗ ಹೇಳಿದ್ದು ಅದಕ್ಕಿಂತ ಆಳವಾದದ್ದು. ಒಬ್ಬ ಇಂಗ್ಲಿಷ್ ಅಧಿಕಾರಿ ಇಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಕೆಲಸ ಮಾಡುತ್ತಾನೆ. ಕಂದಾಯದ ಒಳಹೊರಗು ತಿಳಿಯುತ್ತಾನೆ, ನ್ಯಾಯ ನಿರ್ಣಯದಲ್ಲಿ ಪಳಗುತ್ತಾನೆ, ಬರಗಾಲ ನಿಭಾಯಿಸುವುದನ್ನು ಕಲಿಯುತ್ತಾನೆ. ಆಮೇಲೆ ನಿವೃತ್ತನಾಗಿ ಹಡಗು ಹತ್ತುತ್ತಾನೆ. ಅವನ ಜೊತೆ ಅವನ ಪಿಂಚಣಿಯಷ್ಟೇ ಹೋಗುವುದಿಲ್ಲ, ಅವನು ಇಲ್ಲಿ ಕಲಿತ ತಿಳುವಳಿಕೆ ಪೂರ್ತಿ ಹೋಗುತ್ತದೆ. ಬೇರೆ ದೇಶಗಳಲ್ಲಿ ಹಿರಿಯ ಅಧಿಕಾರಿ ಊರಲ್ಲೇ ಉಳಿದು ಕಿರಿಯರಿಗೆ ಬುದ್ಧಿ ಹೇಳುತ್ತಾನೆ, ಪಂಚಾಯ್ತಿ ಸಭೆಗಳಲ್ಲಿ ಕೂರುತ್ತಾನೆ. ಭಾರತಕ್ಕೆ ಅಂಥ ಹಿರಿಯರೇ ಇಲ್ಲ. ಓದಿದ ತರುಣರು ಹೆಚ್ಚುತ್ತಿದ್ದಾರೆ, ಅವರ ಓದನ್ನು ಕೆಲಸಕ್ಕೆ ಹಚ್ಚುವ ದಾರಿ ಮುಚ್ಚಿದೆ. ಮುಂದೆ ಇದು ಒಳ್ಳೆಯದಕ್ಕೆ ಹೋಗುವುದಿಲ್ಲ ಎಂದೂ ಎಚ್ಚರಿಸಿದರು.

ಈ ಮಾತಿನ ಅರ್ಥ ತಿಳಿಯಲು ಕನ್ನಡಿಗರು ಬರೋಡಾಕ್ಕಾಗಲಿ ಲಂಡನ್ನಿಗಾಗಲಿ ಹೋಗಬೇಕಿಲ್ಲ. ಧಾರವಾಡ ಸೀಮೆಯ ಶಾಲೆಗಳಲ್ಲಿ ಮರಾಠಿ ನಡೆಯುತ್ತಿದ್ದ ಕಾಲ. 1860ರ ದಶಕದಲ್ಲಿ ಮುಂಬಯಿ ಸರ್ಕಾರದ ಶಿಕ್ಷಣ ಇಲಾಖೆ ಚೆನ್ನಬಸಪ್ಪ ಎಂಬ ಕನ್ನಡಿಗರನ್ನು ಜವಾಬ್ದಾರಿಯ ಹುದ್ದೆಗಳಲ್ಲಿ ಕೂರಿಸಿತು. ಜನ ಅವರನ್ನು ಇಂದಿಗೂ ಡೆಪ್ಯುಟಿ ಚೆನ್ನಬಸಪ್ಪ ಎಂದೇ ಕರೆಯುತ್ತಾರೆ, ಹುದ್ದೆ ಹೆಸರಿನ ಭಾಗವೇ ಆಗಿಹೋಗಿದೆ. ಕನ್ನಡ ಶಾಲೆಗಳು ಹೆಚ್ಚಿದವು, ಕನ್ನಡದಲ್ಲಿ ಪಾಠಪುಸ್ತಕಗಳು ಬಂದವು, ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರು ತಯಾರಾದರು. ಸರ್ಕಾರ ಕೊಟ್ಟದ್ದು ತನ್ನ ದೃಷ್ಟಿಯಲ್ಲಿ ಮಧ್ಯಮ ದರ್ಜೆಯ ಒಂದು ಹುದ್ದೆ. ನೆಲದ ಮಾತು ಬಲ್ಲವರ ಕೈಗೆ ಅದು ಬಿದ್ದದ್ದರಿಂದ ಒಂದು ಸೀಮೆಯ ಭಾಷೆ ಉಳಿಯಿತು. ಅಂಥವರನ್ನು ಇನ್ನೂ ಮೇಲಿನ ಹುದ್ದೆಗಳಲ್ಲಿ, ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ದಾದಾಭಾಯಿ ಕೇಳುತ್ತಿದ್ದುದು ಇದನ್ನೇ.

ಕಾನೂನಿನ ಪ್ರಕಾರ ಬಾಗಿಲು ತೆರೆದೇ ಇತ್ತು. 1858ರ ರಾಣಿಯ ಘೋಷಣೆ, ಜನಾಂಗ ಧರ್ಮ ನೋಡದೆ ಯೋಗ್ಯತೆ ಇದ್ದವರಿಗೆ ಹುದ್ದೆ ಎಂದು ಮಾತು ಕೊಟ್ಟಿತ್ತು. ಸಿವಿಲ್ ಸರ್ವಿಸ್ ಪರೀಕ್ಷೆ ಎಲ್ಲರಿಗೂ ಮುಕ್ತ. ಆದರೆ ನಡೆಯುವುದು ಲಂಡನ್ನಿನಲ್ಲಿ. ಮೊದಲು ಪಾಸಾದ ಭಾರತೀಯ ಸತ್ಯೇಂದ್ರನಾಥ ಟಾಗೋರ್ ಮುಂಬಯಿ ಇಲಾಖೆಗೆ ಬಂದು, 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ಜಿಲ್ಲಾ ಜಡ್ಜ್ ಆಗಿದ್ದರು. ತಮ್ಮ ರವೀಂದ್ರನಾಥ ಅಣ್ಣನ ಮನೆಗೆಂದು ಬಂದು ಕಾರವಾರದ ಕಡಲನ್ನು ಕಂಡದ್ದು ಆಗಲೇ. 1869ರಲ್ಲಿ ಪಾಸಾದ ನಾಲ್ವರಲ್ಲಿ ಮುಂಬಯಿಯ ಶ್ರೀಪಾದ ಬಾಬಾಜಿ ಠಾಕೂರ ಮತ್ತು ಬಂಗಾಳದ ಸುರೇಂದ್ರನಾಥ ಬ್ಯಾನರ್ಜಿ ಇಬ್ಬರನ್ನೂ ವಯಸ್ಸು ಮೀರಿದೆ ಎಂದು ಹೊರಗಿಟ್ಟರು. ಅವರು ಜಗಳಾಡಿ ಒಳಗೆ ಬರಬೇಕಾಯಿತು. 1870ರ ದಶಕದ ಕೊನೆಗೆ ವಯೋಮಿತಿಯನ್ನು 21ರಿಂದ 19ಕ್ಕೆ ಇಳಿಸಿದರು. ಕಾರವಾರದಲ್ಲೋ ಧಾರವಾಡದಲ್ಲೋ ಕನ್ನಡ ಶಾಲೆ ಮುಗಿಸಿ, ಇಂಗ್ಲಿಷ್ ಹಿಡಿದು ಇನ್ನೂ ಮೆಟ್ರಿಕ್ ದಾಟುತ್ತಿರುವ ಹುಡುಗ ಅಷ್ಟರೊಳಗೆ ಲಂಡನ್ನಿಗೆ ಹೋಗಿ ಲ್ಯಾಟಿನ್ ಗ್ರೀಕ್ ಕಲಿತು ಪಾಸಾಗಬೇಕು. ಮನೆಯವರು ಸಾಲ ಮಾಡಬೇಕು, ಸಮುದ್ರ ದಾಟಿದ್ದಕ್ಕೆ ಜಾತಿಯವರ ಬಹಿಷ್ಕಾರ ತಡೆದುಕೊಳ್ಳಬೇಕು.

ಇದಕ್ಕೆ ಪರ್ಯಾಯವಾಗಿ 1870ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತ್ತು. ಪರೀಕ್ಷೆ ಇಲ್ಲದೆಯೂ ಯೋಗ್ಯ ಭಾರತೀಯರನ್ನು ಆ ಹುದ್ದೆಗಳಿಗೆ ನೇಮಿಸಬಹುದು ಎಂದು. ನಿಯಮ ಬರೆಯಲು ಭಾರತ ಸರ್ಕಾರ ಒಂಬತ್ತು ವರ್ಷ ತೆಗೆದುಕೊಂಡಿತು. ವೈಸರಾಯ್ ಲಾರ್ಡ್ ಲಿಟ್ಟನ್ ಈ ನಡುವೆ ಒಂದು ಗುಪ್ತ ಟಿಪ್ಪಣಿ ಬರೆದಿದ್ದ. ಭಾರತೀಯರಿಗೆ ಕೊಟ್ಟ ಮಾತನ್ನು ನಾವು ಉಳಿಸಿಕೊಳ್ಳಲು ಸಾಧ್ಯವಿಲ್ಲ, ನೇರವಾಗಿ ಇಲ್ಲ ಅನ್ನುವ ಬದಲು ಮೋಸದ ದಾರಿ ಹಿಡಿದಿದ್ದೇವೆ ಎಂಬ ಅರ್ಥದ ಒಪ್ಪಿಗೆ ಅದರಲ್ಲಿತ್ತು. ಅದು ಹೊರಬಿದ್ದ ಮೇಲೆ ದಾದಾಭಾಯಿ ತಮ್ಮ ಪತ್ರ ಭಾಷಣಗಳಲ್ಲಿ ಪದೇ ಪದೇ ಅದನ್ನು ಎತ್ತಿದರು. ಸರ್ಕಾರದ ಮಾತನ್ನೇ ಸರ್ಕಾರದ ಮುಂದಿಡುವುದು ಅವರ ಪದ್ಧತಿ. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ನೀವು ಇಂಥ ದಿನ ಇಂಥ ಮಾತು ಕೊಟ್ಟಿರಿ, ಅದರಂತೆ ನಡೆಯಿರಿ, ಅಷ್ಟೇ.

ಈ ಪದ್ಧತಿಯ ಬೆಲೆ ಗೊತ್ತಾಗಬೇಕಾದರೆ ಅದೇ ಕಾಲದ ಇನ್ನೆರಡು ಪತ್ರಪ್ರಕರಣಗಳನ್ನು ನೋಡಬೇಕು. ಒಂದು ನಮ್ಮ ಬೆಳಗಾವಿಯ ಪಕ್ಕದ ಕೊಲ್ಲಾಪುರದ್ದು. ಎಳೆಯ ಮಹಾರಾಜ ನಾಲ್ಕನೇ ಶಿವಾಜಿಗೆ ಹುಚ್ಚು ಹಿಡಿದಿದೆ ಎಂದು ಸರ್ಕಾರ ಅವನನ್ನು ಕಾವಲಿನಲ್ಲಿಟ್ಟಿತ್ತು. ಆಡಳಿತ ಕಾರಭಾರಿ ಮಾಧವರಾವ್ ಬರ್ವೆಯವರ ಕೈಯಲ್ಲಿತ್ತು. ಮಹಾರಾಜನಿಗೆ ಕಾರಭಾರಿಯೇ ಕೇಡು ಬಗೆದಿದ್ದಾನೆ ಎಂದು ತೋರಿಸುವ ಪತ್ರಗಳು ಟಿಳಕ ಮತ್ತು ಆಗರಕರರ ಕೈಗೆ ಬಂದವು. ಅವರ ಕೇಸರಿ ಮತ್ತು ಮರಾಠಾ ಪತ್ರಿಕೆಗಳು ಅವನ್ನು ನಂಬಿ ಬರೆದವು. ಬರ್ವೆ ಮಾನನಷ್ಟ ಮೊಕದ್ದಮೆ ಹೂಡಿದರು. ಪತ್ರಗಳು ಖೋಟಾ ಎಂದಾಯಿತು. 1882ರಲ್ಲಿ ಇಬ್ಬರಿಗೂ ನಾಲ್ಕು ತಿಂಗಳ ಸಜೆಯಾಗಿ ಮುಂಬಯಿಯ ಡೋಂಗರಿ ಜೈಲಿನಲ್ಲಿ 101 ದಿನ ಕಳೆದರು. ಆ ದಿನಗಳ ಬಗ್ಗೆ ಆಗರಕರ ಒಂದು ಪುಸ್ತಕವನ್ನೇ ಬರೆದರು. ಇಬ್ಬರ ಕಾಳಜಿ ಪ್ರಾಮಾಣಿಕವಾದದ್ದು, ಅದರಲ್ಲಿ ಅನುಮಾನವಿಲ್ಲ. ನೇಮಿಸುವ ಅಧಿಕಾರ ಮುಚ್ಚಿದ ಬಾಗಿಲಿನ ಹಿಂದೆ ಇದ್ದಾಗ ಜನರು ಗುಟ್ಟಿನ ಪತ್ರಗಳನ್ನು ನಂಬುವಂತಾಗುತ್ತದೆ.

ಇನ್ನೊಂದು ರಾನಡೆಯವರದು. ಸರ್ಕಾರಿ ನ್ಯಾಯಾಧೀಶರಾಗಿದ್ದುಕೊಂಡೇ ಪುಣೆಯ ಸಾರ್ವಜನಿಕ ಸಭೆಯ ಬೆನ್ನೆಲುಬಾಗಿದ್ದ ಅವರ ಮೇಲೆ ಸರ್ಕಾರಕ್ಕೆ ಗುಮಾನಿ. 1879ರಲ್ಲಿ, ವಾಸುದೇವ ಬಳವಂತ ಫಡಕೆಯ ದಂಗೆಯ ಕಾಲದಲ್ಲಿ, ಅವರನ್ನು ನಾಸಿಕದಿಂದ ಧುಳೆಗೆ ವರ್ಗ ಮಾಡಿದರು. ಅವರ ಅಂಚೆಯನ್ನು ಒಡೆದು ನೋಡುತ್ತಿದ್ದರು. ಬಂಡುಕೋರರ ಹೆಸರಿನಲ್ಲಿ ಬರೆದ ಪತ್ರಗಳು ಅವರ ಮನೆಗೆ ಬರತೊಡಗಿದವು. ರಾನಡೆ ಅವನ್ನು ಹಾಗೆ ಹಾಗೆಯೇ ಪೊಲೀಸರಿಗೆ ಒಪ್ಪಿಸುತ್ತಿದ್ದರೆಂದು ಅವರ ಪತ್ನಿ ರಮಾಬಾಯಿ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹುದ್ದೆಯಲ್ಲಿದ್ದ ಭಾರತೀಯನ ಸ್ಥಿತಿ ಇದು.

ಇಂಥ ಕಾಲದಲ್ಲಿ ದಾದಾಭಾಯಿ ಎಲ್ಲವನ್ನೂ ಬಹಿರಂಗದಲ್ಲಿ ಇಟ್ಟರು. 1885ರಲ್ಲಿ ಗವರ್ನರ್ ಲಾರ್ಡ್ ರೇ ದಾದಾಭಾಯಿಯನ್ನು ಮುಂಬಯಿ ಶಾಸನಸಭೆಗೆ ನೇಮಿಸಿದರು. ಅದೇ ವರ್ಷದ ಕೊನೆಯಲ್ಲಿ ಗೋವಾಲಿಯಾ ಟ್ಯಾಂಕ್ ಬಳಿಯ ಗೋಕುಳದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ಕೂಡಿದ ಮೊದಲ ಕಾಂಗ್ರೆಸ್, ಸಿವಿಲ್ ಸರ್ವಿಸ್ ಪರೀಕ್ಷೆ ಭಾರತದಲ್ಲೂ ಏಕಕಾಲಕ್ಕೆ ನಡೆಯಬೇಕೆಂದು ಕೇಳಿತು. 1886ರಲ್ಲಿ ಸರ್ಕಾರ ಪಬ್ಲಿಕ್ ಸರ್ವಿಸ್ ಕಮಿಷನ್ ಕೂರಿಸಿತು. ಬರೋಡಾದ ಅದೇ ಕಾಜಿ ಶಹಾಬುದ್ದೀನ್ ಅದರ ಸದಸ್ಯರಲ್ಲೊಬ್ಬರು. ಕಮಿಷನ್ನಿನ ಪ್ರಶ್ನೆಗಳಿಗೆ ದಾದಾಭಾಯಿ ವಿವರವಾದ ಉತ್ತರ ಬರೆದುಕೊಟ್ಟರು. ಏಕಕಾಲದ ಪರೀಕ್ಷೆಯನ್ನು ಕಮಿಷನ್ ಒಪ್ಪಲಿಲ್ಲ. ಪ್ರಾಂತೀಯ ಸೇವೆ ಎಂಬ ಕೆಳಗಿನ ಇನ್ನೊಂದು ಅಟ್ಟ ಕಟ್ಟಿಕೊಟ್ಟಿತು, ವಯೋಮಿತಿಯನ್ನು 23ಕ್ಕೆ ಏರಿಸಲು ಒಪ್ಪಿತು.

ಆಮೇಲೆ ಅವರು ಹೋರಾಟವನ್ನು ಲಂಡನ್ನಿನ ಪಾರ್ಲಿಮೆಂಟಿಗೇ ಒಯ್ದರು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ಗೆದ್ದರು, ಅದೂ ಬೆರಳೆಣಿಕೆಯ ಮತಗಳ ಅಂತರದಲ್ಲಿ. 1893ರ ಜೂನ್ 2ರಂದು ಹರ್ಬರ್ಟ್ ಪಾಲ್ ಮಂಡಿಸಿದ ಏಕಕಾಲದ ಪರೀಕ್ಷೆಯ ನಿರ್ಣಯ 76ರ ವಿರುದ್ಧ 84 ಮತಗಳಿಂದ ಪಾಸಾಯಿತು. ಕೆಳಮನೆಯೇ ಒಪ್ಪಿದ ಮೇಲೂ ಸರ್ಕಾರ ಜಾರಿಗೆ ತರಲಿಲ್ಲ. ದಾದಾಭಾಯಿ ಮತ್ತೆ ಲೇಖನಿ ಹಿಡಿದರು. ಭೂಸೇನೆ, ನೌಕಾಸೇನೆಯ ಕಚೇರಿಗಳಿಗೂ ಬರೆದು, ಅಧಿಕಾರಿ ಹುದ್ದೆಗೆ ಐರೋಪ್ಯ ಮೂಲದವರೇ ಆಗಬೇಕೆಂಬ ಷರತ್ತು ಯಾಕೆ ಎಂದು ಕೇಳಿದರು. ಭಾರತದಲ್ಲಿ ಐಸಿಎಸ್ ಪರೀಕ್ಷೆ ಮೊದಲ ಸಲ ನಡೆದದ್ದು 1922ರಲ್ಲಿ, ಅಲಹಾಬಾದಿನಲ್ಲಿ. ಅದಕ್ಕೆ ಐದು ವರ್ಷ ಮುಂಚೆ, 1917ರ ಜೂನ್ 30ರಂದು ದಾದಾಭಾಯಿ ಮುಂಬಯಿಯಲ್ಲಿ ತೀರಿಕೊಂಡಿದ್ದರು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಆಗ ಬರೀ ಮೀನುಗಾರರ ಹಳ್ಳಿಯಾಗಿದ್ದ ವರ್ಸೋವಾದ ಕಡಲ ತೀರದ ಮನೆಯಲ್ಲಿ.

*

ಈ ಕತೆಯಲ್ಲಿ ನಮ್ಮ ಹೊನ್ನಾವರದವರೊಬ್ಬರೂ ಇದ್ದಾರೆ. ನಾರಾಯಣ ಗಣೇಶ ಚಂದಾವರಕರ ಹುಟ್ಟಿದ್ದು 1855ರಲ್ಲಿ, ಹೊನ್ನಾವರದಲ್ಲಿ. ಓದಲು ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ಕಾಲೇಜು ಸೇರಿದರು, ಇಂದುಪ್ರಕಾಶ ಪತ್ರಿಕೆಯ ಇಂಗ್ಲಿಷ್ ಭಾಗದ ಸಂಪಾದಕರಾದರು, ವಕೀಲರಾದರು. 1885ರಲ್ಲಿ ಬಂಗಾಳದ ಮನಮೋಹನ ಘೋಷ್, ಮದ್ರಾಸಿನ ಸೇಲಂ ರಾಮಸ್ವಾಮಿ ಮುದಲಿಯಾರ್ ಜೊತೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಚುನಾವಣೆಯ ಹೊತ್ತಿನಲ್ಲಿ ಮತದಾರರ ಮುಂದೆ ಭಾರತದ ಅಹವಾಲು ಹೇಳಿದರು. 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಆ ಅಧಿವೇಶನ ಮುಗಿದ ಕೆಲವೇ ದಿನಗಳಲ್ಲಿ, 1901ರ ಜನವರಿಯಲ್ಲಿ ರಾನಡೆ ತೀರಿಕೊಂಡರು. ಹೈಕೋರ್ಟಿನಲ್ಲಿ ತೆರವಾದ ಸ್ಥಾನಕ್ಕೆ ಬಂದವರು ಚಂದಾವರಕರ. ನಾನಾಭಾಯಿ ಹರಿದಾಸ, ಅವರ ನಂತರ 1889ರಲ್ಲಿ ಕಾಶಿನಾಥ ತ್ರ್ಯಂಬಕ ತೆಲಂಗ, 1893ರಲ್ಲಿ ರಾನಡೆ, 1901ರಲ್ಲಿ ಚಂದಾವರಕರ. ಒಬ್ಬರು ತೀರಿದ ಮೇಲೆ ಇನ್ನೊಬ್ಬರು. ಇಷ್ಟು ದೊಡ್ಡ ಇಲಾಖೆಯ ಹೈಕೋರ್ಟಿನಲ್ಲಿ ಭಾರತೀಯರಿಗೆ ಬಹುಕಾಲ ಒಂದೇ ಕುರ್ಚಿ. 1895ರಲ್ಲಿ ಬದ್ರುದ್ದೀನ್ ತಯ್ಯಬ್‌ಜಿ ಬಂದಾಗ ಎರಡಾಯಿತು.

ಕಾಂಗ್ರೆಸ್ಸಿನ ಮುಂಚೂಣಿಯ ನಾಯಕರನ್ನು ನ್ಯಾಯಪೀಠಕ್ಕೆ ಏರಿಸಿದರೆ ರಾಜಕೀಯ ಚಳವಳಿಗೆ ಅಷ್ಟರಮಟ್ಟಿಗೆ ನಷ್ಟ ಎಂಬುದೂ ನಿಜ. ಚಂದಾವರಕರರ ಕಾಂಗ್ರೆಸ್ ಕೆಲಸ ಅಲ್ಲಿಗೆ ನಿಂತಿತು. ಆದರೂ ಈ ನೇಮಕವನ್ನು ನಾನು ಆಮಿಷ ಎಂದು ಕರೆಯಲಾರೆ. ಆ ಕುರ್ಚಿಯಲ್ಲಿ ಕೂತ ಒಬ್ಬೊಬ್ಬರೂ, ಅನುಭವ ಸಾಲದು ಎಂಬ ಹಳೇ ಆಕ್ಷೇಪಣೆಯನ್ನು ತಮ್ಮ ತೀರ್ಪುಗಳಿಂದಲೇ ಸುಳ್ಳು ಮಾಡಿದರು. ಚಂದಾವರಕರ ಮುಂದೆ 1914ರಲ್ಲಿ ಇಂದೋರ್ ಸಂಸ್ಥಾನದ ಪ್ರಧಾನಮಂತ್ರಿಯಾದರು, 1921ರಲ್ಲಿ ಮುಂಬಯಿ ಶಾಸನಸಭೆಯ ಅಧ್ಯಕ್ಷರಾದರು. ದಾದಾಭಾಯಿಗೆ 1874ರಲ್ಲಿ ನಿರಾಕರಿಸಿದ ನಂಬಿಕೆಯನ್ನು ನಲವತ್ತು ವರ್ಷದ ನಂತರ ಹೊನ್ನಾವರದ ಮನುಷ್ಯನಿಗೆ ಕೊಡಬೇಕಾಯಿತು.

ಮೈಸೂರಿನಲ್ಲಿ ಇದೇ ಪ್ರಶ್ನೆ ಬೇರೊಂದು ರೂಪ ತಾಳಿತು. 1881ರಲ್ಲಿ ರಾಜ್ಯ ಮರಳಿ ಬಂತು, ರಂಗಾಚಾರ್ಲು ದಿವಾನರಾದರು, ಅವರ ನಂತರ ಶೇಷಾದ್ರಿ ಅಯ್ಯರ್. ಈಗ ಹುದ್ದೆ ಕೊಡುವ ಹಕ್ಕು ಭಾರತೀಯರದೇ. ಆಗ ಎದ್ದ ಕೂಗು, ಹೊರಗಿನಿಂದ ಬಂದ ಮದ್ರಾಸಿಗರಿಗೆ ದೊಡ್ಡ ಹುದ್ದೆಗಳೆಲ್ಲ ಹೋಗುತ್ತಿವೆ, ಮೈಸೂರಿಗರಿಗೆ ಸಿಗುತ್ತಿಲ್ಲ ಎಂಬುದು. ಅದರ ಹಿಂದೆಯೇ ಹಿಂದುಳಿದ ಸಮುದಾಯಗಳ ಪ್ರಶ್ನೆ ಬಂತು, ಅದನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ಬಂತು. ದಾದಾಭಾಯಿ ಮುಟ್ಟದೆ ಬಿಟ್ಟ ಭಾಗ ಇದು. ಪರೀಕ್ಷೆ ಎಲ್ಲರಿಗೂ ಒಂದೇ ಆದರೆ ನ್ಯಾಯ ಸಿಕ್ಕಂತೆ ಎಂದು ಅವರು ನಂಬಿದ್ದರು. ಪರೀಕ್ಷೆಯ ಬಾಗಿಲವರೆಗೂ ಬರಲಾಗದವರ ಪಾಲು ಏನು ಎಂದು ಕೇಳಲು ಇನ್ನೊಂದು ತಲೆಮಾರು ಬೇಕಾಯಿತು. ಇದನ್ನು ಹೇಳುವುದರಿಂದ ಅವರ ದೊಡ್ಡತನ ಕಡಿಮೆಯಾಗುವುದಿಲ್ಲ. ಯಾರು, ಯಾವ ನಿಯಮದಿಂದ, ಯಾರಿಗೆ ಹೊಣೆಯಾಗಿ ನೇಮಿಸುತ್ತಾರೆ ಎಂಬ ಪ್ರಶ್ನೆಯನ್ನು ಸಾರ್ವಜನಿಕ ಪ್ರಶ್ನೆಯಾಗಿ ಮಾಡಿದವರಲ್ಲಿ ಅವರು ಮೊದಲ ಸಾಲಿನವರು. ಉಳಿದ ವಾದಗಳೆಲ್ಲ ಅದರ ಮೇಲೆ ಕಟ್ಟಿದವು.

ಮುಂಬಯಿಯಲ್ಲಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಪೊಲಿಟಿಕಲ್, ಕಂದಾಯ, ನ್ಯಾಯ, ಶಿಕ್ಷಣ ಇಲಾಖೆಗಳ ಹಳೇ ಕಡತಗಳು ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ದಶಕಗಳಿಂದ ಅದರ ನೆಲೆ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡ. ಧಾರವಾಡ, ಬೆಳಗಾವಿ, ಕಾರವಾರ, ಕಲಾದಗಿ, ಸವಣೂರು, ಜಮಖಂಡಿ, ಮುಧೋಳ, ರಾಮದುರ್ಗಗಳ ಆಡಳಿತದ ಚರಿತ್ರೆ ಬರೆಯುವವರು ಅಲ್ಲಿಗೆ ಹೋಗಲೇಬೇಕು. ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಆವರಣದಲ್ಲಿ ಕನ್ನಡ ವಿಭಾಗವಿದೆ, ನಗರದ ತುಂಬ ಕನ್ನಡ ಸಂಘಗಳಿವೆ, ಸಂಶೋಧನೆಗೆ ವಿಷಯ ಹುಡುಕುವ ವಿದ್ಯಾರ್ಥಿಗಳಿದ್ದಾರೆ. ಈ ಜಿಲ್ಲೆಗಳ ನೇಮಕಾತಿಗೆ ಸಂಬಂಧಿಸಿದ ಪತ್ರಗಳನ್ನು ಆರಿಸಿ, ಕನ್ನಡಕ್ಕೆ ತಂದು, ಒಂದು ಸಂಪುಟವನ್ನಾದರೂ ಪ್ರಕಟಿಸಿ. ಜೊತೆಗೆ ದಾದಾಭಾಯಿಯ ಬರೋಡಾ ಹೇಳಿಕೆ ಮತ್ತು 1880ರ ಟಿಪ್ಪಣಿಯನ್ನೂ ಸೇರಿಸಿ. ಕಾಗದ ಹೆಚ್ಚು ಕಾಲ ಕಾಯುವುದಿಲ್ಲ, ಈ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಿ.